ಆಪ್ಷನ್ ಎಂಟ್ರಿ ಪಟ್ಟಿ ಮಕ್ಕಳೇ ಬರೆಯಲಿ

ಮಾನ್ಯರೇ,

ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಫಲಿತಾಂಶ ಬಂದ ಮೇಲೆ, ಬೇಕಾದ ಕೋರ್ಸು-ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವ ‘ಆಪ್ಷನ್ ಎಂಟ್ರಿ’ ಹೊತ್ತಿಗೆ ಮಂಡ್ಯ, ಮದ್ದೂರಿನ ಸೈಬರ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದಿದು: ಅಪ್ಪ ಕಾಲೇಜಿನ ಹೆಸರು ಹೇಳುತ್ತಾರೆ, ಅಂಗಡಿ ಹುಡುಗ ಟೈಪ್ ಮಾಡುತ್ತಾನೆ, ಮಗಳು ಹಿಂದೆ ನಿಂತು ಮೊಬೈಲಿಗೆ ಬಂದ ಓಟಿಪಿ ಓದಿ ಹೇಳುತ್ತಾಳೆ. ನಾಲ್ಕು ವರ್ಷ ಓದಬೇಕಾದವಳ ಕೆಲಸ ಅಷ್ಟಕ್ಕೇ ಮುಗಿಯಿತು. ‘ಏನು ಕೇಳಿದರೂ ನೀವೇ ಹೇಳಿ ಅಂತಾಳೆ, ಧೈರ್ಯವೇ ಇಲ್ಲ’ ಎಂದು ಅದೇ ಪೋಷಕರು ಆಮೇಲೆ ಬೇಸರಪಡುತ್ತಾರೆ. ತೀರ್ಮಾನ ಮಾಡಿ ರೂಢಿಯೇ ಇಲ್ಲದವರಿಗೆ ಧೈರ್ಯ ಎಲ್ಲಿಂದ ಬರಬೇಕು?

‘ನಿನ್ನ ರ್‍ಯಾಂಕಿಗೆ ಅದೆಲ್ಲ ಸಿಗಲ್ಲ ಬಿಡು’ ಎಂಬ ಮಾತು ಮಕ್ಕಳನ್ನು ಕುಗ್ಗಿಸುತ್ತದೆ, ಲೆಕ್ಕದಲ್ಲೂ ಅದು ತಪ್ಪು. ಸೀಟು ಹಂಚಿಕೆ ಪಟ್ಟಿಯ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು ನೋಡುತ್ತಾರೆ. ಇಷ್ಟದ ಕೋರ್ಸನ್ನು ಮೇಲಿಟ್ಟರೆ ಕೆಳಗಿನವಕ್ಕೆ ಕಿಂಚಿತ್ತೂ ನಷ್ಟವಿಲ್ಲ. ನಷ್ಟವಾಗುವುದು, ನೆಂಟರ ಮಾತು ಕೇಳಿ ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಮೇಲಿಟ್ಟು ಮಗ ಬಯಸಿದ ಸಿವಿಲ್ ಕೆಳಗಿಟ್ಟಾಗ. ಮೇಲಿನದು ಸಿಕ್ಕಿತೆಂದರೆ ಕೆಳಗಿನವೆಲ್ಲ ತಾವಾಗಿಯೇ ಬಿದ್ದುಹೋಗುತ್ತವೆ.

ಪಟ್ಟಿಯನ್ನು ಮೊದಲು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆಯಲಿ: ಕೋರ್ಸು, ಕಾಲೇಜು, ಕಳೆದ ವರ್ಷದ ಕಟ್ ಆಫ್ ರ್‍ಯಾಂಕ್, ಶುಲ್ಕ, ದಿನಾ ಬಸ್ಸೋ ಹಾಸ್ಟೆಲ್ಲೋ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸುವ ಕಟ್ ಆಫ್ ಪಟ್ಟಿಯಲ್ಲಿ ಜಿಎಂ, ಅಂದರೆ ಸಾಮಾನ್ಯ ವರ್ಗದ ಕಾಲಂ ಒಂದನ್ನೇ ನೋಡಿ ಎಷ್ಟೋ ಮನೆಗಳಲ್ಲಿ ಹೆದರಿಬಿಡುತ್ತಾರೆ. ತಮ್ಮ ಪ್ರವರ್ಗದ ಜೊತೆಗೆ ಗ್ರಾಮೀಣ, ಕನ್ನಡ ಮಾಧ್ಯಮದ ಕಾಲಂಗಳನ್ನೂ ನೋಡಬೇಕು. ಪೋಷಕರು ಹೇಳಬೇಕಾದ್ದು ದುಡ್ಡಿನ ವಿಷಯ. ‘ವರ್ಷಕ್ಕೆ ನಮ್ಮ ಕೈಲಿ ಇಷ್ಟು ಆಗುತ್ತೆ’ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಸೀಟು ಸಿಕ್ಕ ಮೇಲೆ ಹೇಳಿದರೆ ಮಗುವಿಗೆ ತನ್ನ ಆಯ್ಕೆಯೇ ತಪ್ಪೆನಿಸುತ್ತದೆ.

ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಸೀಟು ಹಂಚಿಕೆ ಇದಕ್ಕೆ ಒಳ್ಳೆಯ ಅವಕಾಶ. ಅಲ್ಲಿ ಬಂದ ಫಲಿತಾಂಶ ಅಂತಿಮವಲ್ಲ, ಪಟ್ಟಿ ತಿದ್ದಬಹುದು. ಮಗು ತಪ್ಪು ಮಾಡುವುದಿದ್ದರೆ ಅಲ್ಲೇ ಮಾಡಲಿ, ಕಂಡುಕೊಂಡು ತಾನೇ ಸರಿಪಡಿಸಲಿ. ನಿಜವಾದ ಹಂಚಿಕೆಯ ನಂತರ ಛಾಯ್ಸ್ 1 ಎಂದರೆ ಸೇರುವುದು, 2 ಎಂದರೆ ಸೀಟು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು, 3 ಎಂದರೆ ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಈ ಬಟನ್ ಒತ್ತುವ ಮುಂಚೆ ಮಗು ತನ್ನ ಕಾರಣ ಹೇಳಲಿ, ನೀವು ಪ್ರಶ್ನೆ ಕೇಳಿ.

ಎಸ್ಸೆಸ್ಸೆಲ್ಸಿ ಹಂತದಲ್ಲೂ ಇದೇ ಗೊಂದಲ. ಪಿಯುಸಿಯಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ವಿಜ್ಞಾನ) ತೆಗೆದುಕೊಂಡರೆ ಜೀವವಿಜ್ಞಾನ ಇಲ್ಲದ್ದರಿಂದ ವೈದ್ಯಕೀಯ, ಬಿಎಸ್ಸಿ ಕೃಷಿಯ ದಾರಿ ಕಷ್ಟವಾಗುತ್ತದೆ. ಡಿಪ್ಲೊಮಾಗೆ ಹೋದರೆ ಓದು ಅಲ್ಲಿಗೇ ನಿಲ್ಲುವುದಿಲ್ಲ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜುಗಳನ್ನು ಹತ್ತಿರದಲ್ಲಿದ್ದೂ ನೋಡದ ಮಕ್ಕಳೇ ಹೆಚ್ಚು. ಕರೆದುಕೊಂಡು ಹೋಗಿ, ಅಲ್ಲಿ ಓದುವವರ ಜೊತೆ ಮಕ್ಕಳೇ ಮಾತಾಡಲಿ.

ಪಿಯು ಕಾಲೇಜುಗಳು ಸಿಇಟಿಗೆ ಮುಂಚೆಯೇ ಒಂದು ಪೋಷಕರ ಸಭೆಯನ್ನು ಇದಕ್ಕೆಂದೇ ಮೀಸಲಿಟ್ಟು, ವಿದ್ಯಾರ್ಥಿಗಳಿಂದಲೇ ಮಾದರಿ ಪಟ್ಟಿ ಬರೆಸಬೇಕೆಂದು ಕೋರುತ್ತೇವೆ.

– ಕೆಲವು ಪಿಯು ಉಪನ್ಯಾಸಕರು, ಮಂಡ್ಯ