ನನ್ನ ಮಂಡಿ ಬೇರೆ, ನಿನ್ನ ಮಂಡಿ ಬೇರೆ

ಲೀಡ್ಸ್, ಇಂಗ್ಲೆಂಡ್

ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. (ಬರೆದದ್ದಷ್ಟೇ. ನನ್ನ ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ. ತೀರ್ಥಹಳ್ಳಿಗೆ ಬಂದ ಮೇಲೆ ಬಾಕಿ ತೀರಿಸುತ್ತೇನೆ.)

"ನಿಂಗೆ ದುರ್ಬೀನು ಹಾಕಿ ಮಾಡಿದ್ರಲ್ಲ, ನಂಗೂ ಅದೇ ಸಾಕು, ಮಂಡಿ ಬದಲಿಸೋ ದೊಡ್ಡ ಆಪರೇಷನ್ ಬೇಡ" ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ಅರ್ಧ ಕೇಳಿ, ಒಲೆ ಮೇಲೆ ಹಾಲಿದೆ ಅಂತ ಇಟ್ಟುಬಿಡುತ್ತೀಯ.

ನನ್ನದು ಹರಿದ ಮಂಡಿ. ಶಟಲ್ ಆಡುವಾಗ ಪಾದ ನೆಲದಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಒಳಗೆ 'ಪಟ್' ಅಂದಿತು. ಸಂಜೆಯೊಳಗೆ ಮಂಡಿ ಹಲಸಿನಕಾಯಿ! ಮೂಳೆಗಳನ್ನು ಹಗ್ಗದ ಹಾಗೆ ಬಿಗಿದಿಡುವ ಲಿಗಮೆಂಟ್‌ಗಳಲ್ಲಿ ಒಂದು, ಎಸಿಎಲ್, ಹರಿದಿತ್ತು. ಹರಿದರೂ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ತೊಡೆ ಗಟ್ಟಿ ಮಾಡಿಕೊಂಡು ಆರಾಮಾಗಿ ಓಡಾಡುವವರಿದ್ದಾರೆ. ನನಗೂ ಮೊದಲು ಮೂರು ತಿಂಗಳು ವ್ಯಾಯಾಮವನ್ನೇ ಹೇಳಿದ್ದರು. ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಕೈಕೊಡುತ್ತಿತ್ತು. ಅದಕ್ಕೆ ಒಪ್ಪಿಕೊಂಡೆ. ನನ್ನದೇ ತೊಡೆಯ ಹಿಂಭಾಗದಿಂದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು, ಮಡಚಿ, ಮೂಳೆಯಲ್ಲಿ ಕೊರೆದ ತೂತಿನೊಳಗೆ ಪೋಣಿಸಿ ಬಿಗಿದರು. ದುರ್ಬೀನು ಅಂದರೆ ಒಳಗೆ ನೋಡುವ ಕ್ಯಾಮೆರಾ ಅಷ್ಟೇ, ಅದೇ ಒಂದು ಔಷಧಿಯಲ್ಲ. ಮತ್ತೆ ಶಟಲ್ ಕೋರ್ಟಿಗೆ ಇಳಿಯಲು ಕಡಿಮೆ ಅಂದರೂ 9 ತಿಂಗಳು.

ನಿನ್ನದು ಹರಿದದ್ದಲ್ಲ ಅಮ್ಮ, ಸವೆದದ್ದು. ಮೂಳೆಯ ತುದಿಗೆ ನುಣುಪಾದ ಪದರ ಇರುತ್ತದೆ, ಅದು ಸವೆದಿದೆ. ಅಂಥ ಮಂಡಿಯನ್ನು ದುರ್ಬೀನು ಹಾಕಿ ತೊಳೆದು ಕೆರೆದರೆ ಸವೆದದ್ದು ತಿರುಗಿ ಬರುತ್ತದಾ? ಅಮೆರಿಕದ ಹ್ಯೂಸ್ಟನ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. 180 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಸುಮ್ನೆ ಚರ್ಮ ಕೊಯ್ದು ಹೊಲಿಗೆ. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. ಎರಡು ವರ್ಷ ಆದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2002ರಲ್ಲೇ ಇದು ಅಚ್ಚಾಗಿದೆ. ಓದಿ ನನಗೂ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಈಗಲೂ ಯಾರಾದರೂ ನಿನಗೆ ಅದನ್ನೇ ಹೇಳಿದರೆ ಎರಡನೇ ಡಾಕ್ಟರನ್ನು ಕೇಳು.

ಹೋದ ಸಲ ಎಕ್ಸ್‌ರೇ ಮಲಗಿಸಿ ತೆಗೆದರು, ಅಲ್ವಾ? ಶಿವಮೊಗ್ಗಕ್ಕೆ ಹೋದಾಗ ನಿಂತುಕೊಂಡೇ ತೆಗೆಸು. ಮೈಭಾರ ಬಿದ್ದಾಗಲೇ ಸವೆತ ಸರಿಯಾಗಿ ಕಾಣುವುದು. ಮೆಗ್ಗಾನ್ ಆಸ್ಪತ್ರೆಯಲ್ಲೂ ಮೂಳೆ ವಿಭಾಗ ಇದೆ, ಮೊದಲು ಅಲ್ಲೇ ತೋರಿಸಬಹುದು. ಒಳಬದಿ ಮಾತ್ರ ಸವೆದಿದ್ದರೆ ಅರ್ಧ ಮಂಡಿ ಬದಲಿಸುವುದೂ ಉಂಟು. ಕಾಲಿನ ಮೂಳೆ ಕೊಯ್ದು ನೇರ ಮಾಡುವ ಇನ್ನೊಂದು ಆಪರೇಷನ್ ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ, ನಿನಗೆ ಹೇಳಲಿಕ್ಕಿಲ್ಲ.

ಪೂರ್ತಿ ಬದಲಿಸುವುದು ಅಂದರೆ ಮಂಡಿಯನ್ನೇ ಕಿತ್ತು ಬೇರೆ ಇಡುವುದು ಅಂತ ಅಪ್ಪ ಹೆದರಿದ್ದಾರೆ. ಹಾಗಲ್ಲ. ಸವೆದ ಮೇಲ್ಭಾಗವನ್ನು ತೆಳ್ಳಗೆ ಕೊಯ್ದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹದ ಕ್ಯಾಪ್ ಹಾಕುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಹೆಚ್ಚಿನವರಿಗೆ 15-20 ವರ್ಷ ಬಾಳಿಕೆ ಬರುತ್ತದೆ. ಒಳಗಿಡುವ ಆ ಸಾಮಾನಿಗೆ 2017ರ ಆಗಸ್ಟ್‌ನಿಂದ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಲು ಅಪ್ಪನಿಗೆ ಹೇಳು.

ಅವಸರ ಮಾತ್ರ ಬೇಡ. ರಾತ್ರಿ ನೋವಿಗೆ ನಿದ್ದೆ ಬಾರದಿದ್ದರೆ, ಬೇಲಿಯ ದಣಪೆವರೆಗೂ ನಡೆಯಲು ಆಗದಿದ್ದರೆ ಆಗ ಮಾಡಿಸೋಣ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸು, ದಿನಕ್ಕೆ ಮೂರು ಸಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಸಕ್ಕರೆ ಜಾಸ್ತಿ ಇದ್ದರೆ ಆಪರೇಷನ್ ಗಾಯಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ಇನ್ನು ನೆಲದಲ್ಲಿ ಕೂತು ಅಡಿಕೆ ಸುಲಿಯುವುದು ಸಾಕು. ಕುರ್ಚಿ ಹಾಕಿಕೊಂಡರೆ ಮರ್ಯಾದೆ ಏನೂ ಹೋಗುವುದಿಲ್ಲ, ಅತ್ತೆ ಏನೇ ಅನ್ನಲಿ.

ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ರಜೆ ಹಾಕಿ ಬರುತ್ತೇನೆ. ಆಪರೇಷನ್ ಆಗುವುದಿದ್ದರೆ ಆಗಲೇ ಆಗಲಿ. ಆಮೇಲಿನ ಆರು ವಾರ ವ್ಯಾಯಾಮ ಮಾಡಿಸಲು ಪಕ್ಕದಲ್ಲಿ ಒಬ್ಬರು ಬೇಕು, ಅಪ್ಪನ ಕೈಲಿ ಅದು ಆಗದು. ನೀನು "ಅಯ್ಯೋ" ಅಂದ ಕೂಡಲೇ ಬಿಟ್ಟುಬಿಡುತ್ತಾರೆ.

ಮಳೆ ಶುರುವಾಗುವ ಮೊದಲೇ ಅಂಗಳಕ್ಕೆ ಜಾರದ ಹಾಗೆ ಅಡಿಕೆ ಮರದ ದಬ್ಬೆ ಹಾಕಿಸಿ, ಬಚ್ಚಲಿನ ಗೋಡೆಗೆ ಹಿಡಿಕೆಯನ್ನೂ ಹಾಕಿಸಿ. ಎರಡಕ್ಕೂ ದುಡ್ಡು ಕಳಿಸಿದ್ದೇನೆ, ಅದನ್ನು ಗೊಬ್ಬರಕ್ಕೆ ಹಾಕಬೇಡಿ ಅಂತ ಅಪ್ಪನಿಗೆ ಹೇಳು.

ನಿನ್ನ
ಮಗಳು