ಪಂಚಮಿಗೆ ಮೂರು ದಿನ

ಪುಣೆ
2 ಆಗಸ್ಟ್ 2026

ಪ್ರೀತಿಯ ಅಕ್ಕನಿಗೆ, ಭಾವನವರಿಗೆ ನಮಸ್ಕಾರ.

ಇತ್ತ ಎಲ್ಲರೂ ಆರಾಮ. ಮಳೆಗೆ ಅವ್ವನ ಮೊಣಕಾಲು ನೋವು ಸ್ವಲ್ಪ ಜಾಸ್ತಿ, ಅಷ್ಟೇ.

ಶಿಲ್ಪಾಳನ್ನು ಪಂಚಮಿಗೆ ಹತ್ತು ದಿನ ಕಳಿಸು ಅಂದಿದ್ದಿ. ಮೂರು ದಿನಕ್ಕೆ ಕಳಿಸುತ್ತೇನೆ. ಶುಕ್ರವಾರ ಸಂಜೆ ಪ್ರಾಕ್ಟೀಸ್ ಮುಗಿಸಿ ರಾತ್ರಿ ಬಸ್ಸಿಗೆ ಕೂಡ್ರಿಸಿದರೆ ಬೆಳಿಗ್ಗೆ ಗದಗ. ಸೋಮವಾರ ಹಬ್ಬ ಮುಗಿಸಿ ರಾತ್ರಿ ಹೊರಡಲಿ. ಶನಿವಾರ ಸ್ವಾತಂತ್ರ್ಯ ದಿನ, ಹೀಗಾಗಿ ಪಾಠ ತಪ್ಪುವುದು ಸೋಮವಾರ ಒಂದೇ. ಸಿಟ್ಟಾಗಬೇಡ, ಕಾರಣ ಕೇಳು.

ಒಬ್ಬಳೇ ಓಡುವವಳಾಗಿದ್ದರೆ ಹತ್ತು ದಿನಕ್ಕೆ ಕಾಲಿನ ಕಸುವೇನೂ ಇಳಿಯುತ್ತಿರಲಿಲ್ಲ, ಹೊಲದ ದಾರಿಯಲ್ಲೂ ಓಡಬಹುದು. ಆದರೆ ಇವಳದು 4×100 ರಿಲೇಯಲ್ಲಿ, ಅಂದರೆ ನಾಲ್ವರು ನೂರು ನೂರು ಮೀಟರ್ ಓಡಿ ಬ್ಯಾಟನ್ ಎಂಬ ಕೋಲು ದಾಟಿಸುವ ಓಟದಲ್ಲಿ, ಮೂರನೇ ಓಟ. ಬ್ಯಾಟನ್ ಕೈ ಬದಲಾಗುವ ಜಾಗ 30 ಮೀಟರ್. ಓಡುವವರ ಕಾಲು ಎಲ್ಲಿದೆ ಅನ್ನುವುದಲ್ಲ, ಬ್ಯಾಟನ್ ಎಲ್ಲಿದೆ ಅನ್ನುವುದೇ ಲೆಕ್ಕ. ಶಿಲ್ಪಾ ತಾನು ನಿಲ್ಲುವಲ್ಲಿಂದ ಹಿಂದಕ್ಕೆ, ಬೂಟಿಗೆ ಬೂಟು ತಾಗಿಸಿ, 20–25 ಬೂಟಿನಷ್ಟು ಅಳೆದು ಟೇಪ್ ಅಂಟಿಸುತ್ತಾಳೆ. ಎರಡನೆಯವಳು ಆ ಟೇಪ್ ದಾಟಿದ ಕೂಡಲೇ ಇವಳು ಹಿಂದೆ ನೋಡದೆ ಓಟ ಕೀಳಬೇಕು, ‘ಘೇ!’ (ಮರಾಠಿಯಲ್ಲಿ ‘ತಗೋ’) ಅಂತ ಕೂಗು ಬಿದ್ದಾಗ ಬಲಗೈ ಹಿಂದೆ ಚಾಚಬೇಕು. ಟೇಪ್ ದೂರವಾದರೆ ಇವಳು ಬೇಗ ಹೊರಡುತ್ತಾಳೆ, ಬರುವವಳ ಕೈಗೆ ಸಿಗುವುದಿಲ್ಲ, ಜಾಗ ದಾಟಿ ಇಡೀ ತಂಡ ಔಟ್. ಹತ್ತಿರವಾದರೆ ಹಿಂದಿನವಳು ಮೈಮೇಲೇ ಬರುತ್ತಾಳೆ, ವೇಗವೆಲ್ಲ ಹೋಯಿತು. ಎದುರುಗಾಳಿ ಇದ್ದರೆ, ಬರುವವಳು ದಣಿದಿದ್ದರೆ ಒಂದೆರಡು ಬೂಟು ಕಡಿಮೆ ಮಾಡಬೇಕು. ಬೇರೆ ಬೂಟಿನಲ್ಲಿ ಅಳೆದರೂ ಲೆಕ್ಕ ಕೆಡುತ್ತದೆ. ಮಳೆಗೆ ಬ್ಯಾಟನ್ ಜಾರುತ್ತದೆ, ಆದರೆ ಕೈಗೆ ಗ್ಲೌಸ್ ಹಾಕುವಂತಿಲ್ಲ, ಏನೂ ಸವರುವಂತಿಲ್ಲ. ಪಂಚೆ ತುಂಡಿನಿಂದ ಒರೆಸಿಕೊಳ್ಳುವುದೊಂದೇ ದಾರಿ. ಬಿದ್ದರೆ ಬೀಳಿಸಿದವಳೇ ಎತ್ತಬೇಕು.

ಇವಳ ಜಾಗಕ್ಕೆ ಬೇರೆ ಹುಡುಗಿ ಬಂದರೆ ಆ ಹುಡುಗಿ ಬ್ಯಾಟನ್ ತೆಗೆದುಕೊಳ್ಳುವುದು, ಕೊಡುವುದು, ಎರಡೂ ಮೊದಲಿಂದ ಕೂಡಿಸಬೇಕು. ರಿಲೇ ಪ್ರಾಕ್ಟೀಸ್ ಇರುವುದು ಮಂಗಳವಾರ, ಶುಕ್ರವಾರ ಮಾತ್ರ. ನಾನು ಹೇಳಿದ ಮೂರು ದಿನದಲ್ಲಿ ಅದು ಒಂದೂ ತಪ್ಪುವುದಿಲ್ಲ. ಮಂಗಳವಾರ ಬಸ್ಸಿನ ನಿದ್ದೆಗೆಟ್ಟ ಮೈ, ಜೋರು ಓಟ ಬೇಡ. ನಿಧಾನ ಓಡುತ್ತ ಬ್ಯಾಟನ್ ಕೊಡುವುದನ್ನಷ್ಟೇ ಮಾಡಲಿ.

ಓದಿನ ಚಿಂತೆ ನನಗೂ ಇದೆ. ಇಲ್ಲಿನ ಹತ್ತನೇ ತರಗತಿಗೆ ಬೀಜಗಣಿತ, ಭೂಮಿತಿ ಎರಡೂ ಬೇರೆ ಬೇರೆ ಪೇಪರ್, 40 ಅಂಕದಂತೆ. ಬೀಜಗಣಿತದ ಪುಸ್ತಕ ಚೀಲದಲ್ಲಿ ಇಟ್ಟಿರುತ್ತೇನೆ, ಬೆಳಿಗ್ಗೆ ಒಂದು ತಾಸು ಕೂಡ್ರಿಸು. ರಿಲೇ ಬಿಡಿಸಿ ಟ್ಯೂಷನ್ ಹೆಚ್ಚಿಸೋಣ ಅಂತ ಭಾವನವರು ಅಂದರಂತೆ. ಕಡಿಮೆ ಮಾಡುವುದಾದರೆ ಅವಳು ಒಬ್ಬಳೇ ಓಡುವ ಗುರುವಾರದ ಓಟ ಬಿಡಿಸೋಣ. ಪ್ರಾಕ್ಟೀಸ್ ದಿನ ನಳದ ನೀರು ತುಂಬುವ ಕೆಲಸ ಈಗ ನನ್ನದು, ಅವಳಿಗೆ ಎಂಟು ತಾಸು ನಿದ್ದೆಯಾದರೂ ಸಿಗಲಿ. ಅವ್ವನ ಗುಳಿಗೆ ಮಾತ್ರ ಅವಳೇ ಕೊಡಬೇಕು. ನಾನು ಕೊಟ್ಟರೆ ಅವ್ವ ನುಂಗಬೇಕಲ್ಲ!

ಅಲ್ಲಿ ಭಾನುವಾರ ಬೆಳಿಗ್ಗೆ ಮಣ್ಣಿನ ದಾರಿಯಲ್ಲಿ 20 ನಿಮಿಷ ಹಗುರ ಓಟ, ಆಮೇಲೆ 60 ಮೀಟರಿನ ನಾಲ್ಕು ಚುರುಕು ಓಟ ಸಾಕು. ಡಾಂಬರು ರಸ್ತೆ ಬೇಡ, ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಸ್ಪೈಕ್ಸ್ (ಮೊಳೆಯ ಬೂಟು) ಇಲ್ಲೇ ಇರಲಿ. ಜೋಕಾಲಿ ಆಡಲಿ, ಆದರೆ ಜೀಕುತ್ತಿರುವಾಗಲೇ ಹಾರಿ ಇಳಿಯುವ ಚಟ ಇದೆ ಅವಳಿಗೆ, ಹಿಮ್ಮಡದ ಗಂಟು ಹೊರಳಿದರೆ ಈ ಸಲದ ಆಟ ಮುಗಿದಂತೆ. ಊಟದ ಜೊತೆ ಚಹಾ ಕೊಡಬೇಡ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಲಿ. ಈ ವಯಸ್ಸಿನ ಓಡುವ ಹುಡುಗಿಯರಿಗೆ ಹೆಚ್ಚಾಗಿ ಕಡಿಮೆಯಾಗುವುದು ಕಬ್ಬಿಣವೇ.

ಶೇಂಗಾ ಉಂಡಿ ಕಟ್ಟಿ ಕಳಿಸು. ಪ್ರಾಕ್ಟೀಸ್ ಆದ ಮೇಲೆ ಒಂದು ಉಂಡಿ, ಒಂದು ಲೋಟ ಹಾಲು ಒಳ್ಳೆಯದು. ಓಟಕ್ಕೆ ಮೊದಲು ತಿಂದರೆ ಹೊಟ್ಟೆ ಹಿಡಿಯುತ್ತದೆ. ಉಳಿದ ಮೂವರು ಹುಡುಗಿಯರ ಲೆಕ್ಕವನ್ನೂ ಹಿಡಿ, ಡಬ್ಬಿ ಮೈದಾನಕ್ಕೇ ಹೋಗುವುದು.

ನಿನ್ನ ತಮ್ಮ