ಗೆಳೆಯನಿಗೊಂದು ಪತ್ರ: ಮೆಸ್ಸಿನ ಟಿವಿ

ಪ್ರೀತಿಯ ರಘು,

ವಾಟ್ಸಾಪಿನಲ್ಲಿ ಬರೆದರೆ ನೀನು ನೀಲಿ ಟಿಕ್ ಕೊಟ್ಟು ಸುಮ್ಮನಾಗುತ್ತೀಯ. ಅದಕ್ಕೇ ಊರೆಲ್ಲ ನೋಡುವಂತೆ ಬರೆಯುತ್ತಿದ್ದೇನೆ. ಹೆದರಬೇಡ, ಚಟ್ನಿ ವಿಷಯ ಎತ್ತುವುದಿಲ್ಲ.

ಕತಾರಿನ ದೋಹಾದಲ್ಲಿ ನಮ್ಮ ಮೆಸ್ಸಿನ ಟಿವಿಯಲ್ಲಿ ಸದಾ ಇಲ್ಲಿನದೇ ಸುದ್ದಿಸಂಸ್ಥೆ ಅಲ್ ಜಜೀರಾದ ಅರೇಬಿಕ್ ಚಾನೆಲ್. 11 ವರ್ಷವಾದರೂ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಅದರ ಘೋಷಣೆ ಮಾತ್ರ ಬಾಯಿಪಾಠ: 'ಅಭಿಪ್ರಾಯ, ಮತ್ತು ಇನ್ನೊಂದು ಅಭಿಪ್ರಾಯ'. ಟಿವಿ ಅಂದ್ರೆ ಇದು ಮಾರಾಯಾ ಅಂತ ನಿನ್ನ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿಲ್ಲ!

ಪೂರ್ತಿ ಸುಳ್ಳೂ ಅಲ್ಲ. 1996ರಲ್ಲಿ ಬಿಬಿಸಿಯ ಅರೇಬಿಕ್ ಟಿವಿ ಮುಚ್ಚಿದಾಗ ಅಲ್ಲಿನ ಹಲವರು ಇಲ್ಲಿಗೆ ಬಂದರು. ಕತಾರಿನ ಅಮೀರ್, ಅಂದರೆ ಇಲ್ಲಿನ ದೊರೆ, ಕೊಟ್ಟ 50 ಕೋಟಿ ರಿಯಾಲಿನಲ್ಲಿ ಚಾನೆಲ್ ಶುರುವಾಯಿತು. 2017ರಲ್ಲಿ ಸೌದಿ, ಯುಎಇ, ಬಹರೈನ್, ಈಜಿಪ್ಟ್ ಸೇರಿ ಕತಾರಿಗೆ ದಿಗ್ಬಂಧನ ಹಾಕಿ 13 ಬೇಡಿಕೆ ಇಟ್ಟವು. ಈ ಚಾನೆಲ್ ಮುಚ್ಚಬೇಕು ಅನ್ನುವುದೂ ಅದರಲ್ಲಿತ್ತು. ಸೌದಿಯ ಹಾಲು ನಿಂತು, ನಮ್ಮ ಹಾಲಿನ ಡಬ್ಬದ ಮೇಲೆ ರಾತ್ರೋರಾತ್ರಿ ತುರ್ಕಿ ಅಕ್ಷರ ಬಂತು. ದೇಶದ ಮೇಲೆ ಮುನಿದವರು ಟಿವಿ ಮುಚ್ಚಿ ಅಂತಾರೆ ಅಂದರೆ, ಅದು ಯಾರ ಟಿವಿ ಅಂತ ನನಗೆ ಅಂದೇ ಹೊಳೆಯಬೇಕಿತ್ತು.

ಹೋದ ವಾರ ಜೊತೆಗೆ ಊಟಕ್ಕೆ ಕೂತ ಈಜಿಪ್ಟಿನವನು ಹೇಳಿದ. 2011ರಲ್ಲಿ ಅವನ ದೇಶದ ಜನ ಸರ್ಕಾರದ ವಿರುದ್ಧ ಸೇರಿದ್ದ ಕೈರೋದ ತಹ್ರೀರ್ ಚೌಕವನ್ನು ಈ ಚಾನೆಲ್ ಹಗಲೂ ರಾತ್ರಿ ತೋರಿಸಿತಂತೆ. ಅದೇ ವರ್ಷ ಪಕ್ಕದ ಬಹರೈನಿನಲ್ಲಿ ಜನ ಎದ್ದಾಗ ಅದರ ದನಿ ತಗ್ಗಿತಂತೆ. ಚಾನೆಲ್‌ನ ಅಧ್ಯಕ್ಷರು ರಾಜಮನೆತನದವರು. ಆ ವರ್ಷ ಮಹಾನಿರ್ದೇಶಕರ ಕುರ್ಚಿಗೂ ಅದೇ ಮನೆತನದವರು ಬಂದರು. "ಇದರಲ್ಲಿ ಈ ಅಮೀರರನ್ನು ಬೈದದ್ದು ಯಾವಾಗ ನೋಡಿದ್ದೀಯ?" ಅಂದ.

ನಾನು ತಟ್ಟೆ ತೊಳೆಯಲು ಎದ್ದೆ.

ನಾನು ಫೇಸ್‌ಬುಕ್ಕಿನಲ್ಲಿ ಬೈಯುವುದು ನಿನಗೆ ಗೊತ್ತಲ್ಲ. ದಿಲ್ಲಿ, ಬೆಂಗಳೂರು, ನಮ್ಮ ಪಂಚಾಯಿತಿ, ಯಾರನ್ನೂ ಬಿಟ್ಟಿಲ್ಲ. ಆದರೆ ನಮ್ಮ ಕಂಪನಿ ಆರು ಹುಡುಗರ ಸಂಬಳ ಮೂರು ತಿಂಗಳು ಹಿಡಿದಿಟ್ಟಾಗ ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ವಿಚಾರಿಸಲು ಬಂದವರಿಗೆ "ಎಲ್ಲ ಸರಿ ಇದೆ ಸಾರ್" ಅಂದೆ. ಆರರಲ್ಲಿ ಒಬ್ಬ ಕುಂದಾಪುರದ ಕಡೆಯವನು. ಆಗ ನನ್ನನ್ನು ಅಣ್ಣ ಅನ್ನುತ್ತಿದ್ದ. ಈಗಲೂ ಅಣ್ಣ ಅಂತಾನೆ. ಅದೇ ತಡೆಯಲಾಗುವುದಿಲ್ಲ.

ಛೆ, ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಇಲ್ಲೂ ಕಂಪನಿಯ ಹೆಸರು ಹಾಕಿಲ್ಲ ನೋಡು, ನಾನೂ ಒಳ್ಳೆಯ ಚಾನೆಲ್ಲೇ!

ರಜೆಗೆ ಬರುವಾಗ ಖರ್ಜೂರ ತರಲೋ, ಟ್ಯಾಂಗ್ ತರಲೋ? ನಿನ್ನ ಅಭಿಪ್ರಾಯ ಬೇಡ. ಇನ್ನೊಂದು ಅಭಿಪ್ರಾಯವನ್ನು ಅಮ್ಮನಿಂದ ಕೇಳಿ ಹೇಳು.

ನಿನ್ನ,
ಲೈಟ್‌ಹೌಸ್